ಒರತೆಯ ಬಳಿ ಯಾರ ಪಾಳಿ?

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಅಳಿವಿನಂಚಿನ ಪ್ರಾಣಿಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಉಳಿದಿವೆ, ಯಾರು ಕೊಲ್ಲುತ್ತಿದ್ದಾರೆ. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅಲ್ಲಿಗೇ ನಿಂತುಬಿಟ್ಟರೆ ಕೈಗೆ ಸಿಗುವುದು ಒಂದು ಅಂಕಿ ಮತ್ತು ಒಬ್ಬ ಅಪರಾಧಿ, ಅಷ್ಟೆ. ಪೂರ್ವ ಆಫ್ರಿಕದ ಗ್ರೆವಿ ಜೀಬ್ರಾ ಈ ಲೆಕ್ಕಾಚಾರಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಚರ್ಮಕ್ಕಾಗಿ ಅದನ್ನು ಬೇಟೆಯಾಡುವುದು ಬಹುಮಟ್ಟಿಗೆ ನಿಂತ ಮೇಲೂ ಕೆನ್ಯಾದಲ್ಲಿ ಅದರ ಸಂಖ್ಯೆ ಇಳಿಯುತ್ತಲೇ ಹೋಯಿತು. ಆದ್ದರಿಂದ ಇವತ್ತು ಮೂರನೆಯ ಪ್ರಶ್ನೆಯೊಂದನ್ನು ಹಿಡಿದು ಹೊರಡುತ್ತೇನೆ: ಈ ವರ್ಷ ಹುಟ್ಟಿದ ಮರಿಗಳಲ್ಲಿ ಎಷ್ಟು ಮುಂದಿನ ವರ್ಷವನ್ನು ಕಾಣುತ್ತವೆ, ಕಾಣದೆ ಹೋದವು ಯಾಕೆ ಹೋಗುತ್ತವೆ? ಈ ಜೀಬ್ರಾದ ಅಳಿವು ಉಳಿವು ತೀರ್ಮಾನವಾಗುವುದು ಮರಿಯ ಮೊದಲ ಕೆಲವು ತಿಂಗಳುಗಳಲ್ಲಿ. ಆ ತಿಂಗಳುಗಳಲ್ಲಿ ಅದರ ತಾಯಿಗೆ ಹಗಲು ಹೊತ್ತು ನೀರು ಸಿಕ್ಕುತ್ತದೆಯೇ ಇಲ್ಲವೇ ಎಂಬುದರ ಮೇಲೆ. ಹಾಗಿದ್ದರೆ ನಾವು ಕಾಪಾಡಬೇಕಾದ್ದು ನೆಲದ ಜೊತೆಗೆ ಹೊತ್ತನ್ನೂ, ಅಂದರೆ ದಿನದಲ್ಲಿ ಕೆಲವು ಗಂಟೆಗಳನ್ನು. ಇದು ನನ್ನ ವಾದ. ಇದಕ್ಕೆ ಬರಬಹುದಾದ ಆಕ್ಷೇಪಣೆಗಳು ಸಾಕಷ್ಟಿವೆ. ಅವುಗಳಲ್ಲಿ ಕೆಲವು ಗಟ್ಟಿಯಾಗಿಯೂ ಇವೆ.

ಮೊದಲು ಪ್ರಾಣಿಯ ಪರಿಚಯವಾಗಲಿ. ಜೀಬ್ರಾಗಳಲ್ಲಿ ಮೂರು ಪ್ರಭೇದಗಳಿವೆ. ಮಕ್ಕಳ ಅಕ್ಷರಮಾಲೆಯಲ್ಲಿ, ನಮ್ಮ ಮೃಗಾಲಯಗಳಲ್ಲಿ ಕಾಣಸಿಗುವುದು ಬಯಲು ಜೀಬ್ರಾ. ಆಫ್ರಿಕದ ದಕ್ಷಿಣ ಮತ್ತು ನೈರುತ್ಯ ತುದಿಯ ಗುಡ್ಡಗಳಲ್ಲಿರುವುದು ಬೆಟ್ಟದ ಜೀಬ್ರಾ. ಕೆನ್ಯಾದ ಉತ್ತರ ಭಾಗದ ಒಣನೆಲದಲ್ಲೂ ಇಥಿಯೋಪಿಯದ ಕೆಲವು ಚೂರುಗಳಲ್ಲೂ ಉಳಿದುಕೊಂಡಿರುವುದು ಗ್ರೆವಿ. 1882ರಲ್ಲಿ ಷೇವಾ ದೊರೆ ಮೆನೆಲಿಕ್ ಫ್ರಾನ್ಸಿನ ಅಧ್ಯಕ್ಷ ಜ್ಯೂಲ್ ಗ್ರೆವಿಗೆ ಉಡುಗೊರೆಯಾಗಿ ಕಳಿಸಿದ ಪ್ರಾಣಿಯನ್ನು ನೋಡಿ ಎಮಿಲ್ ಊಸ್ತಾಲೆ ಎಂಬ ವಿಜ್ಞಾನಿ ಅಧ್ಯಕ್ಷರ ಹೆಸರನ್ನೇ ಅದಕ್ಕೆ ಅಂಟಿಸಿಬಿಟ್ಟ. ಅದನ್ನು ತಲೆತಲಾಂತರದಿಂದ ಬಲ್ಲ ಸಾಂಬುರು, ಬೋರಾನ, ರೆಂಡಿಲೆ ಜನರನ್ನು ಯಾರೂ ಕೇಳಲಿಲ್ಲ; ಆ ಕಾಲದ ರೂಢಿಯೇ ಹಾಗಿತ್ತು. ಕಾಡಿನಲ್ಲಿ ಬದುಕಿರುವ ಕುದುರೆ ಜಾತಿಯ ಪ್ರಾಣಿಗಳಲ್ಲೆಲ್ಲ ಇದೇ ದೊಡ್ಡದು. ತೂಕ 350ರಿಂದ 450 ಕಿಲೋ. ಪಟ್ಟೆಗಳು ಬೆರಳಿನಷ್ಟು ಸಪೂರ, ಒತ್ತೊತ್ತಾಗಿ ಎಳೆದಂತೆ. ಹೊಟ್ಟೆಯ ಅಡಿ ಬಿಳಿ. ಕಿವಿ ಮೊರದಂತೆ ಅಗಲ, ದುಂಡು. ಆದರೆ ನನ್ನ ವಾದಕ್ಕೆ ಮುಖ್ಯವಾದ ವ್ಯತ್ಯಾಸ ಮೈಮೇಲೆ ಇಲ್ಲ, ಸಂಸಾರದಲ್ಲಿದೆ. ಬಯಲು ಜೀಬ್ರಾದಲ್ಲಿ ಒಂದು ಗಂಡು, ಕೆಲವು ಹೆಣ್ಣು, ಅವುಗಳ ಮರಿಗಳು ಸೇರಿ ವರ್ಷಗಟ್ಟಲೆ ಒಡೆಯದ ಕುಟುಂಬವಿರುತ್ತದೆ. ಮೇಯುವಾಗಲೂ ನೀರಿಗೆ ಹೋಗುವಾಗಲೂ ಮರಿಯ ಸುತ್ತ ಮನೆಯವರೆಲ್ಲ ಇರುತ್ತಾರೆ. ಗ್ರೆವಿ ಜೀಬ್ರಾಕ್ಕೆ ಅಂಥ ಕುಟುಂಬವಿಲ್ಲ. ದೊಡ್ಡ ಗಂಡು ಕೆಲವು ಚದರ ಕಿಲೋಮೀಟರ್ ನೆಲವನ್ನು ತನ್ನದೆಂದು ಹಿಡಿದು ಒಂಟಿಯಾಗಿ ಕಾಯುತ್ತದೆ. ಹೆಣ್ಣುಗಳು ಮೇವು ನೀರು ನೋಡಿಕೊಂಡು ಬರುತ್ತವೆ, ಹೋಗುತ್ತವೆ; ಇವತ್ತು ಜೊತೆಗಿದ್ದದ್ದು ನಾಳೆ ಇರಬೇಕೆಂದಿಲ್ಲ. ಅಲ್ಲಿ ಗಟ್ಟಿಯಾಗಿ ಉಳಿಯುವ ನಂಟು ತಾಯಿ ಮತ್ತು ಮರಿಯದು ಮಾತ್ರ. 1970ರ ದಶಕದಲ್ಲಿ ಜರ್ಮನ್ ಪ್ರಾಣಿಶಾಸ್ತ್ರಜ್ಞ ಹನ್ಸ್ ಕ್ಲಿಂಗೆಲ್ ಇದನ್ನು ಮೊದಲು ವಿವರವಾಗಿ ಬರೆದಾಗ, ಪಟ್ಟೆ ಒಂದೇ ಆದರೂ ಬಾಳುವೆ ಬೇರೆಯೇ ಎಂಬುದು ಸ್ಪಷ್ಟವಾಯಿತು.

ಇನ್ನು ಅಂಕಿಗಳು. ಕೆನ್ಯಾದಲ್ಲಿ 1977ರ ಅಂದಾಜು 13,718. 1988ರಲ್ಲಿ 4,276. 2000ದ ಹೊತ್ತಿಗೆ ಎರಡೂವರೆ ಸಾವಿರದ ಆಸುಪಾಸು. 2004ರಲ್ಲಿ 1,567ರಿಂದ 1,976ರ ನಡುವೆ. ಇಥಿಯೋಪಿಯದಲ್ಲಿ 1980ರಲ್ಲಿ ಸುಮಾರು 1,900 ಇದ್ದದ್ದು 2003ರಲ್ಲಿ 106ಕ್ಕೆ ಇಳಿದಿತ್ತು. ಸೊಮಾಲಿಯದಲ್ಲಿ 1973ರ ನಂತರ ಕಂಡದ್ದಕ್ಕೆ ಖಚಿತ ದಾಖಲೆ ಇಲ್ಲ. ಈ ಸಾಲಿನ ಪಕ್ಕದಲ್ಲಿ ಇನ್ನೆರಡು ವರ್ಷಗಳನ್ನು ಇಟ್ಟು ನೋಡಬೇಕು. ಕೆನ್ಯಾ ಸರ್ಕಾರ ಬೇಟೆಯನ್ನು ನಿಷೇಧಿಸಿದ್ದು 1977ರಲ್ಲಿ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಈ ಜೀಬ್ರಾ ಸೇರಿದ್ದು 1979ರಲ್ಲಿ. 1970ರ ದಶಕದಲ್ಲಿ ಯುರೋಪು, ಅಮೆರಿಕದ ಫ್ಯಾಷನ್ ಅಂಗಡಿಗಳಿಗೆ ಹೋಗುತ್ತಿದ್ದ ಚರ್ಮದ ಕಥೆ ನಿಜ, ಮೊದಲ ದೊಡ್ಡ ಕುಸಿತಕ್ಕೆ ಅದೇ ಮುಖ್ಯ ಕಾರಣವೆಂದು ಒಪ್ಪೋಣ. ಇಥಿಯೋಪಿಯದಲ್ಲಂತೂ ಕೋವಿಯ ಪಾತ್ರ ಆಮೇಲೂ ದೊಡ್ಡದಾಗಿಯೇ ಉಳಿಯಿತು. ಅಲ್ಲಿಗೆ ನನ್ನ ವಾದವನ್ನು ಹಾಗೆಯೇ ಎಳೆಯುವುದಿಲ್ಲ. ಆದರೆ ಕೆನ್ಯಾದಲ್ಲಿ 1988ರಿಂದ 2004ರವರೆಗಿನ ಹದಿನಾರು ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು ಕರಗಿಹೋದದ್ದಕ್ಕೆ ಚರ್ಮದ ಅಂಗಡಿ ಉತ್ತರವಾಗಲಾರದು. ಈ ಪ್ರಾಣಿ ಈಯುವ ಲೆಕ್ಕ ನೋಡಿ: ಗಬ್ಬದ ಅವಧಿಯೇ ಹದಿಮೂರು ತಿಂಗಳು. ಒಂದು ಹೆಣ್ಣಿಗೆ ಸುಮಾರು ಎರಡು ವರ್ಷಕ್ಕೊಂದು ಮರಿ ಎಂದಿಟ್ಟುಕೊಂಡರೆ, ಹತ್ತು ವರ್ಷ ಈಯುವ ಹೆಣ್ಣು ಐದು ಮರಿ ಹಾಕುತ್ತದೆ. ತನ್ನ ಜಾಗಕ್ಕೊಂದು ಹೆಣ್ಣು, ಜೊತೆಗೊಂದು ಗಂಡು ಬೆಳೆದು ನಿಲ್ಲಬೇಕಾದರೆ ಐದರಲ್ಲಿ ಎರಡಾದರೂ ದಕ್ಕಬೇಕು. ಎರಡರ ಜಾಗದಲ್ಲಿ ಒಂದೇ ದಕ್ಕಿದರೆ, ಒಂದು ಗುಂಡೂ ಹಾರದೆ, ಒಂದು ತಲೆಮಾರಿನಲ್ಲಿ ಅರ್ಧ ಇಲ್ಲವಾಗುತ್ತದೆ. ಸುದ್ದಿಯಾಗಲು ಹೆಣವೇ ಕಾಣದ ಕುಸಿತ ಇದು.

ಆದ್ದರಿಂದ ಮರಿಯನ್ನು ಹತ್ತಿರದಿಂದ ನೋಡಬೇಕು. ಹುಟ್ಟಿದಾಗ ಅದರ ಪಟ್ಟೆ ಕಪ್ಪಲ್ಲ, ಕೆಂಪು ಕಂದು. ಕತ್ತಿನ ಮೇಲಿನ ಜೂಲು ಬೆನ್ನಗುಂಟ ಬಾಲದವರೆಗೂ ಹರಿದಿರುತ್ತದೆ; ಬೆಳೆದಂತೆ ಉದುರುತ್ತದೆ. ಹುಟ್ಟಿದ ಗಂಟೆಯೊಳಗೆ ಎದ್ದು ತಡವರಿಸುತ್ತ ನಡೆಯುತ್ತದೆ. ಮೊದಲ ಕೆಲವು ದಿನ ತಾಯಿ ಬೇರೆ ಯಾವ ಹೆಣ್ಣನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ತನ್ನ ಪಟ್ಟೆ, ವಾಸನೆ, ದನಿ ಮರಿಯ ತಲೆಯಲ್ಲಿ ಅಚ್ಚಾಗುವವರೆಗೆ ನಡುವೆ ನಿಂತು ತಡೆಯುತ್ತದೆ. ಎಲ್ಲ ಜೀಬ್ರಾಗಳ ಮರಿಗಳಿಗೂ ಈ ಗುರುತು ಬೇಕು. ಕೆನ್ಯಾದ ಶೆಲ್ಡ್ರಿಕ್ ಸಂಸ್ಥೆಯಲ್ಲಿ ತಬ್ಬಲಿ ಜೀಬ್ರಾ ಮರಿಯನ್ನು ಸಾಕುವ ಆಳುಗಳು ಪಾಳಿ ಬದಲಾದಾಗಲೆಲ್ಲ ಅದೇ ಕಪ್ಪು ಬಿಳಿ ಪಟ್ಟೆಯ ಅಂಗಿ ತೊಟ್ಟು ಹಾಲೂಡಿಸಿದ್ದು ಇದೇ ಕಾರಣಕ್ಕೆ. ಇಲ್ಲಿಯವರೆಗಿನದು ಬೇರೆ ಜೀಬ್ರಾಗಳಲ್ಲೂ ಹೆಚ್ಚುಕಡಿಮೆ ಇರುವುದೇ. ಮುಂದಿನದು ಗ್ರೆವಿಗೆ ವಿಶೇಷ. ಸಿ. ಡಸ್ಟಿನ್ ಬೆಕರ್ ಮತ್ತು ಜೋಶುವ ಗಿನ್ಸ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವಂತೆ, ಈ ಮರಿ ಮೂರು ತಿಂಗಳಾಗುವವರೆಗೆ ನೀರನ್ನೇ ಕುಡಿಯುವುದಿಲ್ಲ. ಬೇರೆ ಕುದುರೆ ಜಾತಿಯ ಮರಿಗಳಿಗಿಂತ ಹೆಚ್ಚು ಹೊತ್ತು ಮೊಲೆಯಿಲ್ಲದೆ ಇರಬಲ್ಲದು. ಅದಕ್ಕೆ ಬೇಕಾದ ಅಷ್ಟೂ ನೀರು ಹಾಲಿನ ರೂಪದಲ್ಲೇ ಬರಬೇಕು. ಮರಿಯಿಲ್ಲದ ಹೆಣ್ಣು ಕೆಲವು ದಿನ ನೀರಿಲ್ಲದೆ ಮೇಯಬಲ್ಲದು. ಹಾಲು ಕೊಡುವ ತಾಯಿ ದಿನವೂ, ತಪ್ಪಿದರೆ ದಿನ ಬಿಟ್ಟು ದಿನ ನೀರು ಮುಟ್ಟಲೇಬೇಕು. ಆದರೆ ಅದು ಮರಿಯನ್ನು ನೀರಿನವರೆಗೆ ಕರೆದುಕೊಂಡು ಹೋಗುವುದಿಲ್ಲ. ದಾರಿ ದೂರ, ಬಿಸಿಲು, ಅದಕ್ಕಿಂತ ಹೆಚ್ಚಾಗಿ ಒರತೆಯ ಸುತ್ತಲ ಪೊದೆಯಲ್ಲಿ ಸಿಂಹ, ಕತ್ತೆಕಿರುಬ ಹೊಂಚು ಹಾಕಿರುತ್ತವೆ. ತಾಯಂದಿರು ಮರಿಗಳನ್ನು ಬಯಲಲ್ಲಿ ಒಟ್ಟಿಗೆ ಬಿಟ್ಟು ಹೋಗುತ್ತವೆ. ಸಂಶೋಧಕರು ಇದನ್ನು ಶಿಶುವಿಹಾರ ಎಂದೇ ಕರೆಯುತ್ತಾರೆ. ಮರಿಗಳು ಜಿಂಕೆಮರಿಯಂತೆ ಹುಲ್ಲಿನಲ್ಲಿ ಅಡಗುವುದಿಲ್ಲ, ಓಡಾಡುವುದೂ ಇಲ್ಲ. ಬಿಟ್ಟ ಜಾಗದಲ್ಲೇ ಹೆಚ್ಚು ಕದಲದೆ ಕಾಯುತ್ತವೆ.

ಕಾವಲಿಗೆ ಹಲವು ಸಲ ಒಂದು ದೊಡ್ಡ ಪ್ರಾಣಿ ಇರುತ್ತದೆ, ಹೆಚ್ಚಾಗಿ ಆ ನೆಲದ ಒಡೆಯನಾದ ಗಂಡು. ಆ ಮರಿಗಳು ಅದರದೇ ಆಗಿರಬೇಕೆಂದಿಲ್ಲ. ಮರಿಯಿಲ್ಲದ ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳ ನೆಲ ದಾಟಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತದೆ ಎಂದು ಗಿನ್ಸ್‌ಬರ್ಗ್ ಮತ್ತು ಡೇನಿಯಲ್ ರೂಬೆನ್‌ಸ್ಟೈನ್ ತೋರಿಸಿದ್ದಾರೆ. ಹಾಗಿದ್ದೂ ಗಂಡು ಯಾಕೆ ಕಾಯುತ್ತದೆ ಎಂದರೆ, ಹಾಲು ಕೊಡುವ ತಾಯಿ ಅಲೆಯುವುದನ್ನು ಬಿಟ್ಟು ನೀರಿಗೆ ಹತ್ತಿರವಿರುವ ಒಂದೇ ಗಂಡಿನ ನೆಲದಲ್ಲಿ ನೆಲೆ ನಿಲ್ಲುತ್ತದೆ. ಬೇರೆ ಗಂಡುಗಳ ಕಾಟ ತಪ್ಪುತ್ತದೆ, ಕುರುಚಲು ಹಸಿರು ಹುಲ್ಲು ಸಿಗುತ್ತದೆ, ನೀರು ಹತ್ತಿರ. ಗಂಡಿಗೆ ಸಿಗುವುದು ಮುಂದಿನ ಮರಿಯ ತಂದೆಯಾಗುವ ಅವಕಾಶ. ಇಬ್ಬರಿಗೂ ಲಾಭವಿರುವ ಏರ್ಪಾಡು ಇದು. ನಿಂತಿರುವುದೆಲ್ಲ ಒಂದೇ ಆಧಾರದ ಮೇಲೆ. ತಾಯಿ ಬೆಳಿಗ್ಗೆಯೋ ಮಧ್ಯಾಹ್ನವೋ ಹೋಗಿ ಕುಡಿದು ಬೇಗ ಬರುವಂತಿರಬೇಕು. ಹೋದ ತಾಯಿ ಎರಡು ಗಂಟೆಗೆ ಬರುವುದಕ್ಕೂ ಕತ್ತಲೆ ಕಳೆದ ಮೇಲೆ ಬರುವುದಕ್ಕೂ ಮರಿಯ ಪಾಲಿಗೆ ಬದುಕು ಸಾವಿನ ಅಂತರ.

ಈಗ ಒರತೆಯ ಬಳಿಗೆ ಬರೋಣ. ಉತ್ತರ ಕೆನ್ಯಾದಲ್ಲಿ ಎವಾಸೊ ನ್ಯೀರೊದಂಥ ಒಂದೆರಡು ಹೊಳೆಗಳನ್ನು ಬಿಟ್ಟರೆ ವರ್ಷವಿಡೀ ಹರಿಯುವ ನೀರು ಅಪರೂಪ. ಉಳಿದವು ಮಳೆ ಬಂದಾಗ ಉಕ್ಕಿ, ಬೇಸಿಗೆಯಲ್ಲಿ ಬರೀ ಮರಳಾಗುವ ಹಳ್ಳಗಳು. ಆ ಮರಳಲ್ಲಿ ಸಾಂಬುರು ಯುವಕರು ಆಳೆತ್ತರ, ಕೆಲವು ಕಡೆ ಅದಕ್ಕೂ ಆಳವಾಗಿ ತೋಡಿ, ಒಬ್ಬರ ಕೆಳಗೊಬ್ಬರು ನಿಂತು ಹಾಡುತ್ತ ನೀರು ಮೊಗೆದು ಮೇಲೆ ಕೊಡುತ್ತಾರೆ. ಪ್ರತಿ ಮನೆತನದ ಹಾಡು ಬೇರೆ, ಅವರವರ ದನ ಅವರವರ ಹಾಡಿಗೆ ಬರುತ್ತದೆ. ಹಗಲೆಲ್ಲ ಹಸು, ಕುರಿ, ಮೇಕೆ, ಕತ್ತೆ, ಒಂಟೆ ಸಾಲಾಗಿ ಕುಡಿಯುತ್ತವೆ. ಕೆಲಸ ಮುಗಿದ ಮೇಲೆ ಒರತೆಯ ಬಾಯಿಗೆ ಮುಳ್ಳುಕಂಟಿ ಮುಚ್ಚುವುದೂ ಉಂಟು, ಪ್ರಾಣಿಗಳು ಬಿದ್ದು ನೀರು ಕೆಡಬಾರದೆಂದು. ಜನ, ನಾಯಿ, ದನ ತುಂಬಿದ ಜಾಗಕ್ಕೆ ಜೀಬ್ರಾ ಹಗಲು ಬರುವುದಿಲ್ಲ. ಕಾಯುತ್ತದೆ, ಕತ್ತಲಾದ ಮೇಲೆ ಬರುತ್ತದೆ. 1990ರ ದಶಕದಲ್ಲಿ ಸ್ಟುವರ್ಟ್ ವಿಲಿಯಮ್ಸ್ ಬಫಲೋ ಸ್ಪ್ರಿಂಗ್ಸ್ ಅಭಯಾರಣ್ಯವನ್ನೂ ಅದರ ಪಕ್ಕದ ದನಗಾಹಿಗಳ ನೆಲವನ್ನೂ ಹೋಲಿಸಿದಾಗ ಕಂಡದ್ದು ಇದು: ದನವಿಲ್ಲದ ಕಡೆ ಜೀಬ್ರಾ ಹಗಲು ಕುಡಿಯುತ್ತದೆ, ದನವಿರುವ ಕಡೆ ರಾತ್ರಿ, ದನಗಾಹಿಗಳ ನೆಲದಲ್ಲಿ ಮರಿಗಳ ಉಳಿವೂ ಕಡಿಮೆ. ಸಿಂಹ ರಾತ್ರಿಯ ಬೇಟೆಗಾರ. ತಾಯಿಯನ್ನು ರಾತ್ರಿಗೆ ದೂಡಿದವರು ಅದನ್ನು ಸಿಂಹದ ಹೊತ್ತಿಗೆ ದೂಡಿದಂತೆ. ಮರಿಯನ್ನೂ ಕತ್ತಲಲ್ಲಿ ಬಯಲಲ್ಲಿ ಬಿಟ್ಟಂತೆ. ಹುಲ್ಲಿನ ದೂರವನ್ನೂ ಇದಕ್ಕೆ ಸೇರಿಸಿ. ನೀರಿನ ಸುತ್ತ ದನ ಮೇದು ಐದು ಕಿಲೋಮೀಟರ್ ಬೋಳಾದರೆ ತಾಯಿಯ ನಡಿಗೆ ಹೋಗಿಬರುವುದಕ್ಕೆ ಹತ್ತು ಕಿಲೋಮೀಟರ್ ಹೆಚ್ಚಾಗುತ್ತದೆ. ನಡಿಗೆಗೆ ಹೋದ ಶಕ್ತಿ ಹಾಲಿಗೆ ಬರುವುದಿಲ್ಲ.

ಮೊದಲ ಆಕ್ಷೇಪಣೆ ಇಲ್ಲಿಯೇ ಏಳುತ್ತದೆ. ಮರಿಯನ್ನು ತಿನ್ನುವುದು ಸಿಂಹ ತಾನೆ, ಸುತ್ತು ಬಳಸಿ ದನವನ್ನು ಯಾಕೆ ದೂರುತ್ತೀರಿ? ಕೆನ್ಯಾದ ಲೈಕಿಪಿಯ ಪ್ರಾಂತದಲ್ಲಿ ಸಿಂಹಗಳು ಚೇತರಿಸಿಕೊಂಡ ಮೇಲೆ ಈ ಅನುಮಾನ ನಿಜಕ್ಕೂ ಜೋರಾಯಿತು; ಒಂದು ಅಪಾಯದಲ್ಲಿರುವ ಪ್ರಾಣಿ ಇನ್ನೊಂದನ್ನು ತಿಂದು ಮುಗಿಸುತ್ತಿದೆಯೇ ಎಂಬ ಇಕ್ಕಟ್ಟು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡಿತು. ಸಿಂಹಗಳು ಗ್ರೆವಿಯನ್ನು ಹುಡುಕಿ ಹುಡುಕಿ ತಿನ್ನುತ್ತಿಲ್ಲ, ಅವುಗಳ ಸಂಖ್ಯೆಗೆ ಹೋಲಿಸಿದರೆ ನಿರೀಕ್ಷೆಗಿಂತ ಕಡಿಮೆಯೇ ಕೊಲ್ಲುತ್ತಿವೆ, ಬಯಲು ಜೀಬ್ರಾಗಳೊಡನೆ ಹುಲ್ಲಿಗಾಗಿ ನಡೆಯುವ ಪೈಪೋಟಿಯೇ ಹೆಚ್ಚು ತಟ್ಟುತ್ತಿರಬಹುದು ಎಂಬುದು ಅದರ ನಿಲುವು. ಸಿಂಹ ಇರಲಿಲ್ಲವೇ ಮೊದಲು? ಇತ್ತು, ಹದಿಮೂರು ಸಾವಿರ ಜೀಬ್ರಾ ಇದ್ದಾಗಲೂ ಇತ್ತು. ಬದಲಾದದ್ದು ಸಿಂಹದ ಹಸಿವಲ್ಲ, ಸಿಂಹ ಮತ್ತು ತಾಯಿ ಎದುರಾಗುವ ಹೊತ್ತು.

ಎರಡನೆಯದು ಎಂಜಿನಿಯರನ ಆಕ್ಷೇಪಣೆ: ನೀರಿನ ಜಗಳವಾದರೆ ಇನ್ನಷ್ಟು ನೀರು ಕೊಡಿ, ನಾಲ್ಕು ಕೊಳವೆಬಾವಿ ಕೊರೆಸಿ. ಕೊಳವೆಬಾವಿಯ ಚರಿತ್ರೆ ಬಲ್ಲ ಕನ್ನಡಿಗರಿಗೆ ಇದಕ್ಕೆ ಉತ್ತರ ಹೇಳುವುದು ಅಷ್ಟು ಕಷ್ಟವಲ್ಲ. ಒಣನೆಲದಲ್ಲಿ ನೀರಿಲ್ಲದ ಬಯಲು ವ್ಯರ್ಥವಾದ ಬಯಲಲ್ಲ. ಅದು ದನ ಹೋಗಲಾರದ, ಗ್ರೆವಿ ಹೋಗಬಲ್ಲ ಮೇವು. ಅಲ್ಲೊಂದು ಬಾವಿ ಕೊರೆದ ಕೂಡಲೇ ಹಟ್ಟಿ ಬರುತ್ತದೆ, ಅಂಗಡಿ ಬರುತ್ತದೆ, ಋತುವಿಗೊಮ್ಮೆ ಕದಲುತ್ತಿದ್ದ ಹಿಂಡು ನಿಂತುಬಿಡುತ್ತದೆ, ಸುತ್ತಲಿನ ಹುಲ್ಲು ವರ್ಷವಿಡೀ ವಿಶ್ರಾಂತಿಯಿಲ್ಲದೆ ಸವೆಯುತ್ತದೆ. ನೀರು ಹೆಚ್ಚಾದ ಕಡೆ ಬಯಲು ಜೀಬ್ರಾಗಳೂ ಸೇರಿಕೊಳ್ಳುತ್ತವೆ. ಅವಕ್ಕೆ ನೀರು ಹತ್ತಿರವಿರಬೇಕು. ಗ್ರೆವಿಗಿದ್ದ ಒಂದೇ ಮೇಲುಗೈ, ನೀರಿನಿಂದ ದೂರ ಮೇಯಬಲ್ಲ ಶಕ್ತಿ, ಬೆಲೆ ಕಳೆದುಕೊಳ್ಳುತ್ತದೆ. ಬಾವಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ಬಾಯಾರಿದ ಊರಿಗೆ ಬಾವಿ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಅದು ಜೀಬ್ರಾಕ್ಕೆ ಮಾಡಿದ ಉಪಕಾರವೆಂದು ಲೆಕ್ಕ ಬರೆಯಬಾರದು.

ಮೂರನೆಯದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ: ಬೇಲಿ ಹಾಕಿ, ಉದ್ಯಾನ ಮಾಡಿ, ದನ ಹೊರಗಿರಲಿ. ಬಫಲೋ ಸ್ಪ್ರಿಂಗ್ಸಿನ ಉದಾಹರಣೆಯನ್ನು ಕೊಟ್ಟವನು ನಾನೇ ಆದ್ದರಿಂದ ಈ ಮಾತು ನನ್ನ ಬಾಯಿಂದಲೇ ಬರಬೇಕೆಂದು ನೀವು ನಿರೀಕ್ಷಿಸಬಹುದು. ಆದರೆ ಗ್ರೆವಿ ಜೀಬ್ರಾ ಓಡಾಡುವ ಒಟ್ಟು ನೆಲದಲ್ಲಿ ರಕ್ಷಿತ ಪ್ರದೇಶ ಶೇಕಡ ಅರ್ಧಕ್ಕೂ ಕಡಿಮೆ. ಉಳಿದದ್ದರಲ್ಲಿ ಬಹುಪಾಲು ದನಗಾಹಿಗಳ ನೆಲ. ಮಳೆ ಬಿದ್ದ ಕಡೆ ಹುಲ್ಲು, ಹುಲ್ಲಿದ್ದ ಕಡೆ ಜೀಬ್ರಾ; ಮಳೆ ಯಾವ ಬೇಲಿಯನ್ನೂ ಕೇಳಿ ಬೀಳುವುದಿಲ್ಲ. 1960 ಮತ್ತು 70ರ ದಶಕಗಳಲ್ಲಿ ಕೆಲವು ಗ್ರೆವಿಗಳನ್ನು ಹಿಡಿದು ದಕ್ಷಿಣದ ತ್ಸಾವೊ ಉದ್ಯಾನಕ್ಕೆ ಒಯ್ದು ಬಿಟ್ಟರು. ಕೆನ್ಯಾದ ಅತಿದೊಡ್ಡ ಉದ್ಯಾನಗಳಲ್ಲಿ ಒಂದು ಅದು, ಜಾಗಕ್ಕೇನೂ ಕೊರತೆಯಿಲ್ಲ. ಇವತ್ತಿಗೂ ಅಲ್ಲಿ ಇರುವುದು ಪುಟ್ಟ ಗುಂಪು, ಬೆಳೆದು ಹರಡಲಿಲ್ಲ. ಮೃಗಾಲಯಗಳಲ್ಲಿ ಮರಿ ಹುಟ್ಟುತ್ತವೆ, ಸಂತೋಷ. ಆದರೆ ಯಾವ ಹಳ್ಳದ ಮರಳಲ್ಲಿ ಗೊರಸಿನಿಂದ ಕೆದಕಿದರೆ ನೀರು ಬರುತ್ತದೆ, ಯಾವ ತಿಂಗಳು ಯಾವ ಬಯಲು ಎಂಬುದನ್ನು ತಾಯಿಯ ಹಿಂದೆ ನಡೆದೇ ಕಲಿಯಬೇಕು.

ಇಲ್ಲಿಗೆ ಬಂದಾಗ ಕೇಳುಗರಲ್ಲಿ ಕೆಲವರಿಗೆ ದನಗಾಹಿಯ ಮೇಲೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿಗೆ ಆಧಾರ ಸಾಲದು. ಲೈಕಿಪಿಯದ ಮ್ಪಾಲಾ ಸಂಶೋಧನಾ ಕೇಂದ್ರದಲ್ಲಿ ದಶಕಗಳಿಂದ ನಡೆಯುತ್ತಿರುವ ಒಂದು ಪ್ರಯೋಗದಲ್ಲಿ ಕೆಲವು ಆವರಣಗಳಿಗೆ ದನ ಮಾತ್ರ, ಕೆಲವಕ್ಕೆ ಕಾಡುಪ್ರಾಣಿ ಮಾತ್ರ, ಕೆಲವಕ್ಕೆ ಎರಡೂ ಬರುವಂತೆ ಬೇಲಿ ಹಾಕಿದ್ದಾರೆ. ಕೆನ್ಯಾದ ವಿಜ್ಞಾನಿ ವಿಲ್ಫ್ರೆಡ್ ಒಡಾಡಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಫಲಿತಾಂಶ ಎರಡು ಕಡೆಯವರಿಗೂ ಅರ್ಧ ಸಮಾಧಾನವನ್ನಷ್ಟೇ ಕೊಟ್ಟಿತು. ಬೇಸಿಗೆಯಲ್ಲಿ ಜೀಬ್ರಾದಂಥ ಕಾಡುಪ್ರಾಣಿಗಳ ಜೊತೆ ಮೇದ ದನಗಳ ಬೆಳವಣಿಗೆ ಕುಗ್ಗಿತು, ಅಲ್ಲಿ ಪೈಪೋಟಿಯಿತ್ತು. ಮಳೆಗಾಲದಲ್ಲಿ ಅದೇ ಜೊತೆಯಿಂದ ದನಗಳ ತೂಕ ಹೆಚ್ಚಿತು; ಜೀಬ್ರಾಗಳು ಒರಟು ಒಣಹುಲ್ಲನ್ನು ಮೇದು ತೆಗೆದದ್ದರಿಂದ ಎಳೆಹುಲ್ಲು ದನಕ್ಕೆ ಸಿಕ್ಕಿತು. ಅಂದರೆ ದನ ಮತ್ತು ಜೀಬ್ರಾ ಹುಟ್ಟಾ ವೈರಿಗಳಲ್ಲ, ಹುಟ್ಟಾ ಗೆಳೆಯರೂ ಅಲ್ಲ. ಜಗಳ ಇರುವುದು ವರ್ಷದ ಕೆಲವು ತಿಂಗಳು, ದಿನದ ಕೆಲವು ಗಂಟೆ. ಹಿಂಡು ದೊಡ್ಡದಾಗುವುದಕ್ಕೂ ದನಗಾಹಿಯ ದುರಾಸೆಯೊಂದೇ ಕಾರಣವಲ್ಲ. ನಮ್ಮ ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ, ಕಾಫಿಗೆ ಬೆಲೆ ಬಂದಾಗ ತೋಟಗಳಿಗೆ ಮಾರುವ ಸಗಣಿಗೊಬ್ಬರಕ್ಕಾಗಿ ದನ ಸಾಕುವುದು ಹೆಚ್ಚಿ ಕಾಡಿನ ಮೇಲೆ ಭಾರ ಬಿದ್ದದ್ದನ್ನು ಎಂ. ಡಿ. ಮಧುಸೂದನ್ 2005ರಲ್ಲಿ ದಾಖಲಿಸಿದ್ದಾರೆ. ಹುಲ್ಲಿಗೆ ಬಂದು ತಟ್ಟುವ ಪೆಟ್ಟು ದೂರದ ಮಾರುಕಟ್ಟೆಯಿಂದ ಹೊರಟಿರುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ತೂಕದ ಆಕ್ಷೇಪಣೆ ಬೇರೆ. ಕಾಡುಪ್ರಾಣಿಯ ಹೆಸರಲ್ಲಿ ದನಗಾಹಿಯ ನೆಲ ಕೈಬಿಡಿಸುವ ಆಟ ಹಳೆಯದು, ನಿಮ್ಮ ಮರಿ, ತಾಯಿ, ಹಾಲು ಎಲ್ಲ ಅದಕ್ಕೆ ಹೊಸ ಮುಖವಾಡ ಎನ್ನುವವರಿದ್ದಾರೆ. ಜಾನ್ ಮ್ಬಾರಿಯ ಮತ್ತು ಮೊರ್ಡೆಕಾಯ್ ಒಗಾಡ ಎಂಬ ಇಬ್ಬರು ಕೆನ್ಯನ್ನರು ಇಡೀ ಪುಸ್ತಕದಲ್ಲಿ ಇದನ್ನು ವಾದಿಸಿದ್ದಾರೆ. 2004ರ ನಂತರ ಉತ್ತರ ಕೆನ್ಯಾದಲ್ಲಿ ಸಮುದಾಯದ ನೆಲದ ಮೇಲೆ ಹತ್ತಾರು ಸಂರಕ್ಷಣಾ ಕ್ಷೇತ್ರಗಳು ಎದ್ದವು. ಅವುಗಳಲ್ಲಿ ಎರಡನ್ನು ಕಾನೂನುಬಾಹಿರವಾಗಿ ಸ್ಥಾಪಿಸಲಾಗಿದೆಯೆಂದು ಇಸಿಯೋಲೊದ ನ್ಯಾಯಾಲಯ 2025ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಈ ಟೀಕೆಯನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಗುವುದು ಪ್ರಾಮಾಣಿಕವಲ್ಲ. ಅದಕ್ಕೆ ನನ್ನ ಉತ್ತರ: ನಾನು ಕೇಳುತ್ತಿರುವುದು ನೆಲವನ್ನಲ್ಲ. ನೆಲ ಸಾಂಬುರುವಿನದೇ, ಬೋರಾನದೇ ಆಗಿರಲಿ, ಒರತೆ ತೋಡಿದವರದೇ ಆಗಿರಲಿ. ಕೇಳುವುದು ಸರದಿಯಲ್ಲಿ ಒಂದು ಪಾಲು. ಸರದಿ ಎಂಬುದು ಆ ನಾಡಿಗೆ ಹೊರಗಿನಿಂದ ತಂದು ಕಲಿಸಬೇಕಾದ್ದಲ್ಲ. ದಕ್ಷಿಣ ಇಥಿಯೋಪಿಯದ ಬೋರಾನರ ತುಲಾ ಬಾವಿಗಳು ಹೆಸರಾದವು. ಅಲ್ಲಿ ಯಾರ ಹಿಂಡು ಯಾವ ದಿನ, ಯಾರ ನಂತರ ಯಾರು ಎಂಬುದನ್ನು ನೋಡಿಕೊಳ್ಳಲು ಅಬ್ಬಾ ಹೆರೇಗಾ ಎಂಬ ಹಿರಿಯನಿರುತ್ತಾನೆ. ನಮ್ಮ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಅವನ ಅಧಿಕಾರ ಎಂಥದ್ದು, ಅದರ ಬಲ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸರ್ಕಾರದ ಕಾವಲುಗಾರ ಕೋವಿ ಹಿಡಿದು ನಿಂತು ಹಗಲಿನ ನೀರನ್ನು ಜೀಬ್ರಾಕ್ಕೆ ಕೊಡಿಸಲಾರ. ಸಾವಿರಾರು ಒರತೆಗಳಿಗೆ ಎಷ್ಟು ಕಾವಲುಗಾರರನ್ನು ತರುತ್ತೀರಿ? ಊರಿನ ಹಿರಿಯರು ಮಧ್ಯಾಹ್ನದ ಇಂತಿಷ್ಟು ಹೊತ್ತು ದನ ದೂರ ಇರಲಿ, ಒರತೆಯ ಪಕ್ಕ ಒಂದು ಗುಂಡಿ ಮುಳ್ಳು ಮುಚ್ಚದೆ ಬಿಡಿ ಎಂದರೆ ಆಗುತ್ತದೆ. 2007ರಲ್ಲಿ ಹುಟ್ಟಿದ ಗ್ರೆವೀಸ್ ಜೀಬ್ರಾ ಟ್ರಸ್ಟ್ ಊರಿನವರನ್ನೇ, ಅದರಲ್ಲಿ ಹೆಂಗಸರನ್ನೂ, ಸಂಬಳ ಕೊಟ್ಟು ಕಾವಲಿಗೆ ಮತ್ತು ಲೆಕ್ಕಕ್ಕೆ ನೇಮಿಸಿಕೊಂಡು ಮೇವಿನ ಸರದಿಯನ್ನು ಹಿರಿಯರೊಂದಿಗೆ ಕೂತು ಯೋಜಿಸುವ ದಾರಿ ಹಿಡಿದದ್ದು ಈ ಕಾರಣಕ್ಕೇ ನನಗೆ ಸರಿಯಾಗಿ ತೋರುತ್ತದೆ. ಸಂಬಳ ಊರಿಗೆ ಬರುವುದು ನಿಂತ ದಿನ ಒಪ್ಪಂದ ಉಳಿಯುವುದೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಜನರ ನಡುವೆಯೇ ಇಂಥ ಪ್ರಾಣಿ ಚೇತರಿಸಿಕೊಳ್ಳಲು ಸಾಧ್ಯವೇ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಸಾಕ್ಷಿಯಿದೆ. ಕಛ್‌ನ ಸಣ್ಣ ರಣ್‌ನ ಕಾಡುಕತ್ತೆಗೂ ಗ್ರೆವಿ ಜೀಬ್ರಾಕ್ಕೂ ಬಾಳುವೆಯಲ್ಲಿ ಹತ್ತಿರದ ಹೋಲಿಕೆ: ಒಣನೆಲ, ನೆಲ ಹಿಡಿದ ಗಂಡು, ಕಟ್ಟಿಲ್ಲದೆ ಓಡಾಡುವ ಹೆಣ್ಣು. ಶಿವ ಸುಂದರೇಶನ್ ಮತ್ತು ಸಂಗಡಿಗರು ಎರಡರ ಒಡನಾಟದ ಜಾಲಗಳನ್ನು ಅಕ್ಕಪಕ್ಕ ಇಟ್ಟು 2007ರಲ್ಲಿ ಪ್ರಕಟಿಸಿದರು. ಗ್ರೆವಿಯ ಗುಂಪುಗಳು ಕಾಡುಕತ್ತೆಯವಕ್ಕಿಂತ ಬಿಗಿ ಎಂದು ಕಂಡುಬಂತು. 1960ರ ಆಸುಪಾಸಿನಲ್ಲಿ ಸರ್ರಾ ಮತ್ತು ಆಫ್ರಿಕನ್ ಕುದುರೆ ಬೇನೆ ಎಂಬ ರೋಗಗಳು ಹೊಡೆದು 1969ರಲ್ಲಿ ಕಾಡುಕತ್ತೆಗಳು 362ಕ್ಕೆ ಇಳಿದಿದ್ದವು. 2024ರ ಗಣತಿಯಲ್ಲಿ 7,672. ಈ ಏರಿಕೆ ಆದದ್ದು ಉಪ್ಪು ತೆಗೆಯುವ ಅಗರಿಯಾಗಳು, ದನ ಕಾಯುವ ಮಾಲಧಾರಿಗಳು, ಹೊಲಗಳು ಸುತ್ತುವರಿದ ನೆಲದಲ್ಲೇ. ಹೋಲಿಕೆಯನ್ನು ಎಳೆದು ಮುರಿಯಬಾರದು, ನಿಜ. ಕಛ್‌ನಲ್ಲಿ ಸಿಂಹವಿಲ್ಲ, ರಾತ್ರಿ ನೀರಿಗೆ ಹೋದ ತಾಯಿ ಅಲ್ಲಿ ಕೊಡುವ ಬೆಲೆ ಅಷ್ಟಿಲ್ಲ. ಅದೇ ವ್ಯತ್ಯಾಸ ನನ್ನ ವಾದವನ್ನು ಇನ್ನಷ್ಟು ಮೊನೆಗೊಳಿಸುತ್ತದೆ ಎಂದು ನನ್ನ ಅಭಿಪ್ರಾಯ.

ಕೊನೆಗೆ ಬರ. ನೀರೇ ಇಲ್ಲದ ವರ್ಷ ಪಾಳಿ ಯಾರಿಗೆ ಬೇಕು ಎನ್ನಬಹುದು. ಸತತ ಮಳೆ ಕೈಕೊಟ್ಟ 2022ರಲ್ಲಿ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಸತ್ತ ಗ್ರೆವಿಗಳು 49 ಎಂದು ಕೆನ್ಯಾ ಸರ್ಕಾರ ಲೆಕ್ಕ ಕೊಟ್ಟಿತು. ಹುಲ್ಲಿನ ಪಿಂಡಿಗಳನ್ನು ಬಯಲಿಗೆ ಸಾಗಿಸಿ ಹಾಕಬೇಕಾಯಿತು. ಅಂಥ ವರ್ಷ ಪಾಳಿಯಿಂದ ಎಲ್ಲ ಮರಿಗಳೂ ಉಳಿಯುತ್ತವೆ ಎಂದರೆ ಸುಳ್ಳಾಗುತ್ತದೆ. ಬರದ ಮರುವರ್ಷ ಏನಾಗುತ್ತದೆ ಎಂಬುದರಲ್ಲಿ ಪಾಳಿಯ ಬೆಲೆ ತಿಳಿಯಬೇಕು. ಇದನ್ನು ಅಳೆಯಲು ಈಗ ಸಾಧನವಿದೆ. ಪ್ರತಿ ಜೀಬ್ರಾದ ಪಟ್ಟೆಯೂ ಬೇರೆ; ಬಲಮಗ್ಗುಲಿನ ಒಂದು ಫೋಟೊ ಸಿಕ್ಕರೆ ಕಂಪ್ಯೂಟರ್ ಆ ಪ್ರಾಣಿಯನ್ನು ಮತ್ತೆ ಗುರುತಿಸುತ್ತದೆ. 2016ರ ಜನವರಿಯಲ್ಲಿ ಶಾಲೆಯ ಮಕ್ಕಳು, ದನಗಾಹಿಗಳು, ಕಾವಲುಗಾರರು, ಪ್ರವಾಸಿಗರು ಕೆಮೆರಾ ಹಿಡಿದು ಎರಡು ದಿನ ಹೊರಟು ತೆಗೆದ ಬಲಮಗ್ಗುಲಿನ ಫೋಟೊಗಳಿಂದ ಕೆನ್ಯಾದಲ್ಲಿ 2,350 ಗ್ರೆವಿಗಳಿವೆಯೆಂಬ ಅಂದಾಜು ಬಂತು. 2018ರಲ್ಲಿ ಅದೇ ಕ್ರಮದಲ್ಲಿ 2,812. ಫೋಟೊದಲ್ಲಿ ವಯಸ್ಸೂ ಕಾಣುತ್ತದೆ, ಯಾವ ಮರಿ ಯಾವ ಪ್ರಾಂತದ್ದೆಂಬುದೂ ದಾಖಲಾಗುತ್ತದೆ. ಹಾಗಾಗಿ ಪ್ರಾಂತವಾರು ಮರಿಗಳ ಪಾಲನ್ನು, ಹಗಲಿನ ನೀರನ್ನು ಬಿಟ್ಟುಕೊಟ್ಟ ಊರುಗಳಲ್ಲಿ ಒಂದು ಕಡೆ, ಕೊಡದ ಊರುಗಳಲ್ಲಿ ಒಂದು ಕಡೆ ಇಟ್ಟು, ಬರದ ವರ್ಷ ಮತ್ತು ಒಳ್ಳೆಯ ಮಳೆಯ ವರ್ಷ ಎರಡರಲ್ಲೂ ಹೋಲಿಸಬಹುದು. ಎರಡೂ ಕಡೆ ಮರಿಗಳ ಪಾಲು ಒಂದೇ ಎಂದು ಬಂದರೆ ನಾನು ಇಷ್ಟು ಹೊತ್ತು ಹೇಳಿದ ವಾದ ಬಿದ್ದುಹೋಗುತ್ತದೆ. ಆಗ ಹುಲ್ಲು, ಬೇನೆ, ಬಯಲು ಜೀಬ್ರಾದ ಪೈಪೋಟಿ, ಇವುಗಳ ಕಡೆಗೆ ಮತ್ತೆ ತಿರುಗಬೇಕಾಗುತ್ತದೆ.